ಆನ್‌ಲೈನಲ್ಲಿ ಹಳೆ ಕಾರು: ಕಾಸರಗೋಡಿನವರು ಮೊದಲು ಕೇಳಬೇಕಾದ ಕಾಗದಗಳು

ಆ್ಯಪಿನಲ್ಲಿ ಹಳೆ ಕಾರು ನೋಡುವವರು ಹೆದರುವುದು ಎಂಜಿನ್ನಿಗೆ. ಕೊನೆಗೆ ನಿದ್ದೆ ಕೆಡಿಸುವುದು ಆರ್‌ಸಿ, ಅಂದರೆ ನೋಂದಣಿ ಪತ್ರ. ಇದು ನಮ್ಮ ಕಡೆಯ ಪಾಡು ಮಾತ್ರ ಅಲ್ಲ. ಅಮೆರಿಕದ ಇಲಿನಾಯ್ ರಾಜ್ಯ 2022ರ ಮೇ ತಿಂಗಳಲ್ಲಿ, ಆನ್‌ಲೈನಲ್ಲಿ ಹಳೆ ಕಾರು ಮಾರುವ ಕಾರ್ವಾನಾ ಕಂಪನಿಯ ಡೀಲರ್ ಲೈಸೆನ್ಸನ್ನು ಅಮಾನತಿನಲ್ಲಿಟ್ಟದ್ದು ಕಾರು ಕೆಟ್ಟಿತ್ತೆಂದಲ್ಲ, ಮಾಲಕತ್ವದ ಪತ್ರವನ್ನು ಗ್ರಾಹಕರ ಹೆಸರಿಗೆ ಹೊತ್ತಿಗೆ ಸರಿಯಾಗಿ ಮಾಡಿಸಿಕೊಡಲಿಲ್ಲವೆಂದು. ಅದೇ ತಿಂಗಳು ಆ ಕಂಪನಿ ಸುಮಾರು 2,500 ನೌಕರರನ್ನು ಮನೆಗೆ ಕಳಿಸಿತು.

ಈ ವ್ಯಾಪಾರದಲ್ಲಿ ಹಣ ಮೊದಲ ದಿನವೇ ಹೋಗುತ್ತದೆ, ಕಾಗದ ಎಲ್ಲಕ್ಕಿಂತ ಕೊನೆಗೆ ಬರುತ್ತದೆ. ಕೊಳ್ಳುವವರಿಗೂ ಮಾರುವವರಿಗೂ ಅಲ್ಲಿ ದುಡಿಯುವವರಿಗೂ ತೊಂದರೆ ಹುಟ್ಟುವುದು ಈ ನಡುವಿನ ಅವಧಿಯಲ್ಲೇ. ಗಡಿಯಲ್ಲಿರುವ ನಮಗೆ ಅದು ಇನ್ನಷ್ಟು ಉದ್ದ, ಏಕೆಂದರೆ ಕಾರು ಒಂದು ರಾಜ್ಯದ್ದು, ವಿಳಾಸ ಇನ್ನೊಂದು ರಾಜ್ಯದ್ದು.

ಮೊದಲು ನಂಬರ್ ಪ್ಲೇಟ್ ನೋಡಿ, ಆಮೇಲೆ ಬೆಲೆ

ಮಂಜೇಶ್ವರ, ಕುಂಬಳೆ, ಬದಿಯಡ್ಕದವರಿಗೆ ಮಂಗಳೂರು ಹತ್ತಿರ, ಕೋಝಿಕ್ಕೋಡು ದೂರ. ಹಾಗಾಗಿ ಆ್ಯಪಿನಲ್ಲಿ ಕಣ್ಣಿಗೆ ಬೀಳುವುದು ಹೆಚ್ಚಾಗಿ ಕೆಎ 19, ಕೆಎ 21, ಕೆಎ 70ರ ಕಾರುಗಳು. ಅದೇ ಮಾದರಿಯ ಕೆಎಲ್ ನಂಬರಿನ ಕಾರಿಗಿಂತ ಅದು ಅಗ್ಗವೆಂದು ಕಂಡರೆ, ಎನ್‌ಒಸಿ (ಹಳೆ ಆರ್‌ಟಿಒ ಕೊಡುವ ನಿರಾಕ್ಷೇಪಣಾ ಪತ್ರ) ಖರ್ಚು, ಕೇರಳದ ತೆರಿಗೆ, ಹೊಸ ನಂಬರ್ ಪ್ಲೇಟ್, ಓಡಾಟ ಎಲ್ಲವನ್ನೂ ಕೂಡಿಸಿ ಲೆಕ್ಕ ಹಾಕಿ. ಕೇರಳಕ್ಕೆ ತಂದು ನೋಂದಾಯಿಸುವ ಕಾರಿಗೆ 15 ವರ್ಷದಲ್ಲಿ ಉಳಿದ ಅವಧಿಯ ಒಂದಾವರ್ತಿ ತೆರಿಗೆಯನ್ನು ಇಲ್ಲಿ ಕಟ್ಟಬೇಕು. ಮೂಲ ಖರೀದಿ ಬೆಲೆ, ಕಾರಿನ ವಯಸ್ಸು ನೋಡಿ ಮೊತ್ತ ನಿಗದಿಯಾಗುತ್ತದೆ. ಮೂರು ನಾಲ್ಕು ವರ್ಷದ ಕಾರಿಗೆ ಇದು ಸಣ್ಣ ಮೊತ್ತವಲ್ಲ. ಟೋಕನ್ (ಮುಂಗಡ ಹಣ) ಕೊಡುವ ಮೊದಲೇ ಆರ್‌ಸಿ ಮತ್ತು ಮೂಲ ಇನ್‌ವಾಯ್ಸ್ ಪ್ರತಿ ಹಿಡಿದು ಆರ್‌ಟಿಒ ಕಚೇರಿಯಲ್ಲಿ ಅಂದಾಜು ಕೇಳಿ. ಇನ್‌ವಾಯ್ಸ್ ಇಲ್ಲವೆಂದು ಕಂಪನಿ ಹೇಳಿದರೆ ಮೊದಲು ಮಾರಿದ ಶೋರೂಮಿನಿಂದ ಪ್ರತಿ ತರಿಸಿಕೊಡಲು ಹೇಳಿ. ಹಣ ಕೊಟ್ಟ ಮೇಲೆ ಆ ಕೆಲಸಕ್ಕೆ ಯಾರೂ ಕೈಹಾಕುವುದಿಲ್ಲ.

ಕರ್ನಾಟಕದಲ್ಲಿ ಕಟ್ಟಿದ್ದ ಜೀವಿತಾವಧಿ ತೆರಿಗೆಯಲ್ಲಿ ಉಳಿದ ಪಾಲು, ಇಲ್ಲಿ ಮರುನೋಂದಣಿಯಾದ ಮೇಲೆ ಹಳೆಯ ಆರ್‌ಟಿಒಗೆ ಅರ್ಜಿ ಹಾಕಿದರೆ ವಾಪಸ್ ಸಿಗುತ್ತದೆ. ಆ ಹಣ ಯಾರಿಗೆ, ಹಳೆ ಮಾಲಕರಿಗೋ ನಿಮಗೋ ಎಂಬುದನ್ನು ಒಪ್ಪಂದದಲ್ಲಿ ಒಂದು ಸಾಲು ಬರೆಸಿ. ಬರೆಸದಿದ್ದರೆ ಅದು ನಿಮಗಲ್ಲ ಎಂದೇ ಲೆಕ್ಕ.

ಎನ್‌ಒಸಿ ಎಂದರೆ ಫಾರಂ 28. ಅದರಲ್ಲಿ ಯಾವ ಆರ್‌ಟಿಒಗೆ ಎಂದು ನಮೂದಾಗಿರುತ್ತದೆ. ಕಾಸರಗೋಡು, ಮಂಜೇಶ್ವರ ತಾಲೂಕಿನವರು ಕೆಎಲ್ 14 ಕಾಸರಗೋಡು ಎಂದೂ ಹೊಸದುರ್ಗದವರು ಕೆಎಲ್ 60 ಕಾಞಂಗಾಡು ಎಂದೂ ವೆಳ್ಳರಿಕುಂಡಿನವರು ಕೆಎಲ್ 79 ಎಂದೂ ಹೇಳಿ ಬರೆಸಬೇಕು. ದೂರದ ಡೆಸ್ಕಿನಲ್ಲಿ ಕೂತವರಿಗೆ ಕೇರಳವೆಂದರೆ ಕೊಚ್ಚಿ. ಅವರು ಕೈಗೆ ಬಂದ ಕೋಡ್ ಹಾಕಿದರೆ ಎನ್‌ಒಸಿ ರದ್ದು ಮಾಡಿಸಿ ಮತ್ತೆ ತೆಗೆಸಬೇಕು, ತಿಂಗಳು ಹೋಗುತ್ತದೆ.

ಎನ್‌ಒಸಿ ತಡೆದು ನಿಲ್ಲುವುದು ಹೆಚ್ಚಾಗಿ ಮೂರು ಕಡೆ: ಬಾಕಿ ಇರುವ ಚಲನ್, ಬ್ಯಾಂಕಿನ ಸಾಲದ ನಮೂದು, ಹಳೆ ಮಾಲಕರ ಮೊಬೈಲಿಗೆ ಹೋಗುವ ಒಟಿಪಿ. ಸಾಲ ತೀರಿದ್ದರೂ ಬ್ಯಾಂಕ್ ಫಾರಂ 35 ಕೊಟ್ಟು ಆರ್‌ಸಿಯಿಂದ ನಮೂದು ತೆಗೆಸದಿದ್ದರೆ ಸಾಲ ಇದ್ದಂತೆಯೇ. ಒಟಿಪಿ ವಿಷಯ ಇನ್ನೂ ನಾಜೂಕು. ಕಾರು ಮಾರಿ ಗಲ್ಫಿಗೆ ಹೋದವರ ಇಲ್ಲಿನ ಸಿಮ್ ಬಂದಾಗಿದ್ದರೆ ಕಡತ ಅಲ್ಲಿಗೇ ನಿಂತಿತು.

ಬೇರೆ ರಾಜ್ಯದಲ್ಲಿ ಇಟ್ಟುಕೊಳ್ಳುವ ಗಾಡಿಗೆ ಅಲ್ಲಿನ ನಂಬರ್ ಪಡೆಯಲು ಮೋಟಾರು ವಾಹನ ಕಾಯ್ದೆಯ 47ನೇ ಕಲಮು 12 ತಿಂಗಳು ಕೊಡುತ್ತದೆ. ಅದು ನಂಬರಿಗೆ ಮಾತ್ರ. ತೆರಿಗೆ ರಾಜ್ಯದ ಬೇರೆ ಕಾನೂನು, ಆ 12 ತಿಂಗಳನ್ನು ತೆರಿಗೆಗೂ ಎಣಿಸಿಕೊಂಡು ಕೂರಬೇಡಿ.

ಟೋಕನ್ ಕೊಡುವ ಮುನ್ನ ಫೋನಿನಲ್ಲೇ ಮುಗಿಯುವ ಕೆಲಸ

ಸರಕಾರದ ವಾಹನ ದಾಖಲೆಯ ಪರಿವಾಹನ್ ತಾಣದಲ್ಲಿ ನಂಬರ್ ಹಾಕಿ ನೋಡಿ. ಆರ್‌ಸಿ ಚಾಲ್ತಿಯಲ್ಲಿದೆಯೇ, ಎಷ್ಟನೇ ಮಾಲಕರು, ಸಾಲದ ನಮೂದು ಇದೆಯೇ, ವಿಮೆ ಯಾವ ತಾರೀಕಿನವರೆಗೆ, ಕಪ್ಪುಪಟ್ಟಿಯಲ್ಲಿದೆಯೇ ಎಂಬುದು ಸಿಗುತ್ತದೆ. ಇ-ಚಲನ್ ತಾಣವನ್ನು ಪ್ರತ್ಯೇಕ ನೋಡಿ. ಬೆಂಗಳೂರಿನಲ್ಲಿ ಓಡಿದ ಕಾರಾದರೆ ಅಲ್ಲಿನ ಟ್ರಾಫಿಕ್ ಪೊಲೀಸರ ಪುಟವನ್ನೂ ತೆರೆದು ನೋಡಬೇಕು, ಒಂದು ಕಡೆ ಕಾಣದ ದಂಡ ಇನ್ನೊಂದು ಕಡೆ ಕಾಣುವುದುಂಟು.

ಮಾರುತ್ತಿರುವವರು ಯಾರು ಎಂಬುದನ್ನೂ ಈಗಲೇ ಕೇಳಿ. ಆ್ಯಪಿನ ಹೆಸರು ಒಂದು, ಬಿಲ್ಲಿನ ಹೆಸರು ಇನ್ನೊಂದು ಇರುತ್ತದೆ. ಕೆಲವೆಡೆ ಕಂಪನಿಯೇ ಕಾರು ಕೊಂಡು ಮಾರುತ್ತದೆ, ಕೆಲವೆಡೆ ಅದು ಬರೀ ದಲ್ಲಾಳಿ. 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಕೇಂದ್ರ ನಿಯಮದಂತೆ ಹಳೆ ವಾಹನದ ಡೀಲರಿಗೆ ಆರ್‌ಟಿಒ ಕೊಡುವ ಅಧಿಕೃತ ಪ್ರಮಾಣಪತ್ರ ಇರಬೇಕು, ಅದು 5 ವರ್ಷಕ್ಕೆ ಊರ್ಜಿತ. ಹಳೆ ಮಾಲಕರು ಫಾರಂ 29ಸಿ ಮೂಲಕ ಕಾರನ್ನು ಡೀಲರಿಗೆ ಒಪ್ಪಿಸಿದ್ದರೆ ಡೀಲರನ್ನೇ ಮಾಲಕನೆಂದು ಪರಿಗಣಿಸಲಾಗುತ್ತದೆ. ಎನ್‌ಒಸಿಗೂ ಮಾಲಕತ್ವ ವರ್ಗಾವಣೆಗೂ ಅವರೇ ಅರ್ಜಿ ಹಾಕಬಹುದು. "29ಸಿ ಆಗಿದೆಯಾ?" ಎಂಬ ಒಂದೇ ಪ್ರಶ್ನೆಗೆ ಬರುವ ಉತ್ತರದಿಂದ ಆರ್‌ಸಿ ಎಷ್ಟು ಬೇಗ ಬಂದೀತು ಎಂಬ ಅಂದಾಜು ಸಿಗುತ್ತದೆ. ಎದುರಿನವರಿಗೆ ಅದು ಏನೆಂದೇ ಗೊತ್ತಿಲ್ಲದಿದ್ದರೆ ಅದೂ ಒಂದು ಉತ್ತರವೇ.

ಗಾಡಿ ನೋಡುವ ದಿನ

ಕಂಪನಿ ಕೊಡುವ ಇನ್ನೂರು ಅಂಶಗಳ ತಪಾಸಣೆ ವರದಿಯನ್ನು ಓದಿ, ಆದರೆ ಅದನ್ನೇ ನಂಬಿ ಕೂರಬೇಡಿ. ಕರಾವಳಿಯ ಕಾರಿನಲ್ಲಿ ಕೇಡು ಅಡಗಿರುವುದು ಅಡಿಯಲ್ಲಿ. ಉಪ್ಪುಗಾಳಿ ಮತ್ತು ನಾಲ್ಕು ತಿಂಗಳ ಮಳೆಗೆ ಜಾಕ್ ಕೊಡುವ ಅಂಚು, ಸೈಲೆನ್ಸರಿನ ಬೆಸುಗೆ, ಹಿಂದಿನ ಆ್ಯಕ್ಸಲ್ ಹಿಡಿದಿರುವ ಜಾಗ ಮೊದಲು ತುಕ್ಕು ಹಿಡಿಯುತ್ತವೆ. ಕಾರನ್ನು ಲಿಫ್ಟಿಗೆ ಏರಿಸಲು ಹೇಳಿ. ಅಡಿಗೆ ಹೊಸದಾಗಿ ಕಪ್ಪು ಕೋಟಿಂಗ್ ಹೊಡೆದಿದ್ದರೆ ಸ್ಕ್ರೂಡ್ರೈವರಿನ ಹಿಡಿಯಿಂದ ಮೆಲ್ಲಗೆ ತಟ್ಟಿ. ಗಟ್ಟಿ ತಗಡು ಟಣ್ಣೆನ್ನುತ್ತದೆ, ತಿಂದುಹೋದದ್ದು ಡಬ್ಬೆನ್ನುತ್ತದೆ.

ನೀರಲ್ಲಿ ಮುಳುಗಿದ ಕಾರು ಪತ್ತೆಯಾಗುವುದು ಸೀಟ್ ಬೆಲ್ಟಿನಲ್ಲಿ. ಬೆಲ್ಟನ್ನು ಪೂರ್ತಿ, ಅಂದರೆ ಇನ್ನು ಬರುವುದಿಲ್ಲ ಎನ್ನುವವರೆಗೆ ಎಳೆಯಿರಿ. ಒಳಗೆ ಸುತ್ತಿಕೊಂಡಿರುವ ಕೊನೆಯ ಒಂದಡಿ ಭಾಗವನ್ನು ಯಾರೂ ತೊಳೆಯುವುದಿಲ್ಲ. ಅಲ್ಲಿ ಕೆಸರಿನ ಗೆರೆ, ಬೂಸಲಿನ ವಾಸನೆ ಇದ್ದರೆ ಮಾತು ಅಲ್ಲಿಗೇ ಮುಗಿಸಿ. ಸ್ಟೆಪ್ನಿ ಇಡುವ ಗುಂಡಿಯ ತಳ, ಸೀಟಿನ ರೈಲು, ಡ್ಯಾಶ್‌ಬೋರ್ಡಿನ ಕೆಳಗಿನ ವಯರಿನ ಸಾಕೆಟ್ಟುಗಳಲ್ಲಿ ಹಸಿರು ಕಿಲುಬು, ಇವು ಉಳಿದ ಸಾಕ್ಷಿಗಳು.

ಬಣ್ಣದ ದಪ್ಪ ಅಳೆಯುವ ಸಣ್ಣ ಮೀಟರ್ ಸಿಕ್ಕಿದರೆ ಒಯ್ಯಿರಿ. ಕಂಪನಿಯ ಬಣ್ಣ ಸಾಮಾನ್ಯವಾಗಿ 80ರಿಂದ 150 ಮೈಕ್ರಾನ್ ಇರುತ್ತದೆ. 250 ದಾಟಿದರೆ ಮರುಬಣ್ಣ, ಇನ್ನೂ ಬಹಳ ಮೇಲೆ ಹೋದರೆ ಕೆಳಗೆ ಪುಟ್ಟಿ. ಬಂಪರ್ ಪ್ಲಾಸ್ಟಿಕ್ಕಿನದು, ಅಲ್ಲಿ ಸಾಮಾನ್ಯ ಮೀಟರ್ ಕೆಲಸ ಮಾಡದು. ಟಯರಿನ ಬದಿಯಲ್ಲಿ ನಾಲ್ಕು ಅಂಕೆಗಳಿರುತ್ತವೆ. 2321 ಎಂದರೆ 2021ರ 23ನೇ ವಾರದ ಟಯರು. ಓಡಿದ್ದು ಇಪ್ಪತ್ತು ಸಾವಿರವೆಂದು ಮೀಟರ್ ತೋರಿಸಿ ನಾಲ್ಕೂ ಟಯರು ಬದಲಾಗಿದ್ದರೆ ಕಾರಣ ಕೇಳಿ. ಅಧಿಕೃತ ಸರ್ವಿಸ್ ಸೆಂಟರಿನ ದಾಖಲೆಯಲ್ಲಿ ಪ್ರತಿ ಸರ್ವಿಸ್ಸಿನ ಕಿಲೋಮೀಟರ್ ಇರುತ್ತದೆ, ಅದನ್ನು ತಾಳೆ ನೋಡಿ.

ಕಾರಿನ ಕಂಪ್ಯೂಟರಿನಲ್ಲಿರುವ ದೋಷಗಳನ್ನು ಫೋನಿನಲ್ಲಿ ತೋರಿಸುವ ಬ್ಲೂಟೂತ್ ಒಬಿಡಿ ಸ್ಕ್ಯಾನರ್ ಸಾವಿರದ ಆಸುಪಾಸಿಗೆ ಸಿಗುತ್ತದೆ. ದೋಷದ ಕೋಡ್ ಇಲ್ಲವೆಂದು ತೋರಿಸಿದ ಮಾತ್ರಕ್ಕೆ ಸಮಾಧಾನ ಪಡಬೇಡಿ, ಕಾರು ತನ್ನನ್ನೇ ಪರೀಕ್ಷಿಸಿ ಮುಗಿಸಿದೆಯೇ ಎಂದು ತೋರಿಸುವ ರೆಡಿನೆಸ್ ಮಾನಿಟರ್ ಪುಟ ತೆರೆಯಿರಿ. ಅಲ್ಲಿ ಹಲವು "ಸಿದ್ಧವಿಲ್ಲ" ಎಂದಿದ್ದರೆ ಯಾರೋ ಇತ್ತೀಚೆಗೆ ಕೋಡ್ ಅಳಿಸಿದ್ದಾರೆ ಅಥವಾ ಬ್ಯಾಟರಿ ಬಿಚ್ಚಿದ್ದಾರೆ. ಎರಡು ಮೂರು ದಿನ ಓಡಿಸಿ ಮತ್ತೆ ತೋರಿಸಿ ಎನ್ನಿ.

ಟ್ರಯಲ್ ಓಡಿಸುವಾಗ ಹೆದ್ದಾರಿ ಒಂದೇ ಸಾಲದು. ಏರಿನಲ್ಲಿ ನಿಲ್ಲಿಸಿ, ಎರಡನೇ ಗೇರಿನಲ್ಲಿ ಹೊರಡಿಸಿ ನೋಡಿ. ಎಂಜಿನ್ ಕೂಗುತ್ತದೆ, ಗಾಡಿ ಏರುವುದಿಲ್ಲ ಎಂದಾದರೆ ಕ್ಲಚ್ ಮುಗಿದಿದೆ. ಮುಳ್ಳೇರಿಯ, ಅಡೂರು ಕಡೆಯ ರಸ್ತೆಗೆ ಅದು ಮೊದಲ ವಾರವೇ ಕೈಕೊಡುತ್ತದೆ.

ಬಿಲ್ಲು ಮತ್ತು ಸಾಲ

ಬುಕ್ ಮಾಡುವ ಪುಟದಲ್ಲಿ ನೀವು ಕೇಳದ ವಾರಂಟಿ, ರಸ್ತೆ ನೆರವು, ಆ್ಯಕ್ಸೆಸರಿ ಪ್ಯಾಕ್ ಮೊದಲೇ ಟಿಕ್ ಆಗಿದ್ದರೆ ತೆಗೆದುಹಾಕಿ, ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ. ಗ್ರಾಹಕರಿಗೆ ಹೇಳದೆ ಬುಟ್ಟಿಗೆ ಸಾಮಾನು ಸೇರಿಸುವುದು 2023ರ ನವೆಂಬರ್ 30ರ ಕೇಂದ್ರ ಮಾರ್ಗಸೂಚಿ ನಿಷೇಧಿಸಿರುವ 13 ಬಗೆಯ ವಂಚಕ ವಿನ್ಯಾಸಗಳಲ್ಲಿ ಒಂದು. ಆರ್‌ಸಿ ವರ್ಗಾವಣೆ ಶುಲ್ಕವೆಂದು ದೊಡ್ಡ ಮೊತ್ತ ಕಂಡರೆ ಬಿಡಿಸಿ ಕೇಳಿ: ಸರಕಾರಿ ಶುಲ್ಕ ಎಷ್ಟು, ಅವರ ಸೇವೆಗೆ ಎಷ್ಟು, ಕೇರಳದ ತೆರಿಗೆ ಇದರಲ್ಲಿ ಸೇರಿದೆಯೋ ಇಲ್ಲವೋ. ಸೇರಿಲ್ಲ ಎಂಬುದು ಗೊತ್ತಾಗುವುದು ಹೆಚ್ಚಾಗಿ ಹಣ ಕಟ್ಟಿದ ಮೇಲೆ.

ಸಾಲ ಅವರ ಮೂಲಕವೇ ಆದರೆ ಮುಖ್ಯಾಂಶ ಪತ್ರ (ಕೀ ಫ್ಯಾಕ್ಟ್ಸ್ ಸ್ಟೇಟ್‌ಮೆಂಟ್) ಕೇಳಿ. ವಾರ್ಷಿಕ ಒಟ್ಟು ದರವನ್ನು ಅದರಲ್ಲಿ ನಮೂದಿಸಿರಬೇಕು, 2024ರ ಅಕ್ಟೋಬರ್ 1ರಿಂದ ಚಿಲ್ಲರೆ ಸಾಲಗಳಿಗೆ ಇದು ಕಡ್ಡಾಯ. ಕಾರು ವಾಪಸ್ ಮಾಡಿದರೆ ಸಾಲ ತನ್ನಷ್ಟಕ್ಕೆ ಮುಚ್ಚುವುದಿಲ್ಲ. ಕಂಪನಿ ಹಣ ಹಿಂದಿರುಗಿಸಿದ್ದಕ್ಕೆ ರಸೀದಿ, ಸಾಲ ಕೊಟ್ಟವರಿಂದ ಮುಕ್ತಾಯ ಪತ್ರ ಎರಡೂ ಬೇಕು. ನಿಮ್ಮ ಸಾಲಗಳ ದಾಖಲೆ ಇಡುವ ಸಿಬಿಲ್‌ನಲ್ಲಿ ತಪ್ಪು ಉಳಿದರೆ ದೂರು ಕೊಡಿ. 30 ದಿನದೊಳಗೆ ಸರಿಪಡಿಸದಿದ್ದರೆ ದಿನಕ್ಕೆ 100 ರೂಪಾಯಿ ಪರಿಹಾರ ಕೊಡಬೇಕೆಂಬುದು ರಿಸರ್ವ್ ಬ್ಯಾಂಕಿನ ನಿಯಮ.

ವಾಪಸಾತಿಯ ಅವಧಿ ಐದೋ ಏಳೋ ದಿನ ಇದ್ದರೆ, ಅದು ಆರ್‌ಸಿ ಬಂದ ದಿನದಿಂದಲ್ಲ, ಕೀಲಿ ಸಿಕ್ಕಿದ ದಿನದಿಂದ. ಜತೆಗೆ ಕಿಲೋಮೀಟರ್ ಮಿತಿಯೂ ಇರುತ್ತದೆ. ಕಾರು ಮನೆಗೆ ಬಂದ ಮರುದಿನವೇ ಅಧಿಕೃತ ವರ್ಕ್‌ಶಾಪಿಗೆ ಒಯ್ದು ಲಿಖಿತ ವರದಿ ಪಡೆಯಿರಿ. ದೇವಸ್ಥಾನ, ಬಂಧುಗಳ ಮನೆ ಆಮೇಲೆ.

ವಿಮೆಯನ್ನು ನಿಮ್ಮ ಹೆಸರಿಗೆ ಮಾಡಿಸಲು 14 ದಿನದೊಳಗೆ ಅರ್ಜಿ ಕೊಡಬೇಕು. ಮೂರನೆಯವರಿಗೆ ಆಗುವ ಹಾನಿಯ ವಿಮೆ ಕಾರಿನ ಜತೆ ಬರುತ್ತದೆ, ನಿಮ್ಮ ಕಾರಿನ ಹಾನಿಯ ವಿಮೆ ಹಾಗೆ ಬರುವುದಿಲ್ಲ. ಹಳೆ ಮಾಲಕರ ನೋ ಕ್ಲೇಮ್ ಬೋನಸ್ ಅವರದ್ದೇ; ಆ ರಿಯಾಯಿತಿಯ ವ್ಯತ್ಯಾಸವನ್ನು ನೀವು ಕಟ್ಟಬೇಕಾಗುತ್ತದೆ.

ಕಾರು ಮಾರುವವರಿಗೆ

ಆ್ಯಪ್ ತೋರಿಸುವ ಬೆಲೆ ಬರೀ ಆಸೆ. ಮನೆಗೆ ಬಂದು ನೋಡಿದ ಮೇಲೆ ಹೇಳುವುದೇ ಬೆಲೆ, ಅದರಲ್ಲೂ ಒಂದು ಪಾಲನ್ನು ಆರ್‌ಸಿ ವರ್ಗಾವಣೆ ಮುಗಿಯುವ ತನಕ ಹಿಡಿದಿಡುತ್ತಾರೆ. ಎಷ್ಟು ಹಿಡಿಯುತ್ತಾರೆ, ಯಾವ ತಾರೀಕಿಗೆ ಕೊಡುತ್ತಾರೆ ಎಂಬುದು ಕಾಗದದಲ್ಲಿರಲಿ. ಕೀಲಿ ಕೊಡುವಾಗ ತಾರೀಕು, ಗಂಟೆ, ಮೀಟರಿನ ಅಂಕೆ ಬರೆದ ಒಪ್ಪಿಸಿಕೊಂಡ ಪತ್ರಕ್ಕೆ ಅವರ ಸಹಿ, ಮೊಹರು ಬೇಕು. ಫಾರಂ 29ಸಿ ಆನ್‌ಲೈನಲ್ಲಿ ಆಯಿತೆಂಬ ಸ್ವೀಕೃತಿ ಇಲ್ಲದೆ ಕೀಲಿ ಬಿಡಬೇಡಿ. ಅದಿಲ್ಲದೆ ಆ ಕಾರು ಅಪಘಾತ ಮಾಡಿದರೆ ಹೊಣೆ ಆರ್‌ಸಿಯಲ್ಲಿ ಹೆಸರಿರುವವರ ಮೇಲೆಯೇ. ಮಾರಿದ್ದೇನೆಂಬ ಮಾತು ನಿಲ್ಲುವುದಿಲ್ಲವೆಂದು ಸುಪ್ರೀಂ ಕೋರ್ಟ್ 2018ರಲ್ಲೇ ಹೇಳಿದೆ.

ಫಾಸ್ಟ್ಯಾಗನ್ನು ಅಂದೇ ಮುಚ್ಚಿಸಿ. ಮರೆತರೆ ತಲಪಾಡಿ ಟೋಲಿನಲ್ಲಿ ಯಾರೋ ದಾಟಿದ್ದಕ್ಕೆ ನಿಮ್ಮ ಖಾತೆಯಿಂದ ಹಣ ಕಡಿತವಾಗುತ್ತಿರುತ್ತದೆ.

ಕೈಕೊಟ್ಟಾಗ

"ಪ್ರೊಸೆಸ್‌ನಲ್ಲಿದೆ" ಎಂಬ ಉತ್ತರ ಬಂದರೆ ಪರಿವಾಹನ್ ಅರ್ಜಿ ಸಂಖ್ಯೆ ಕೇಳಿ. ಸಂಖ್ಯೆ ಇದ್ದರೆ ಕಡತ ಎಲ್ಲಿ ನಿಂತಿದೆ ಎಂಬುದನ್ನು ನೀವೇ ನೋಡಬಹುದು. ಸಂಖ್ಯೆ ಕೊಡದಿದ್ದರೆ ಅರ್ಜಿಯನ್ನೇ ಹಾಕಿಲ್ಲ.

ಕಾಲ್ ಸೆಂಟರಿಗೆ ಹತ್ತು ಸಲ ಕರೆಯುವುದಕ್ಕಿಂತ ದೂರು ಅಧಿಕಾರಿಗೆ ಒಂದು ಇಮೇಲ್ ಮೇಲು. 2020ರ ಇ-ಕಾಮರ್ಸ್ ನಿಯಮದಂತೆ ಅವರ ಹೆಸರು, ಹುದ್ದೆ, ಸಂಪರ್ಕ ಕಂಪನಿಯ ತಾಣದಲ್ಲಿ ಇರಲೇಬೇಕು. ದೂರು ಸಿಕ್ಕಿತೆಂದು 48 ಗಂಟೆಯೊಳಗೆ ತಿಳಿಸಿ ಒಂದು ತಿಂಗಳೊಳಗೆ ಪರಿಹರಿಸಬೇಕು. ಇಮೇಲಿನಲ್ಲಿ ಸಿಟ್ಟು ಬೇಡ. ಯಾವ ತಾರೀಕಿಗೆ ಎಷ್ಟು ಕಟ್ಟಿದಿರಿ, ಅವರು ಏನು ಒಪ್ಪಿದ್ದರು, ಏನು ಆಗಿಲ್ಲ, ನಿಮಗೆ ಏನು ಬೇಕು, ಯಾವ ತಾರೀಕಿನೊಳಗೆ ಬೇಕು, ಇಷ್ಟೇ ಸಾಕು. "ಬೇಗ ಪರಿಹರಿಸಿ" ಎಂದು ಬರೆದರೆ ಉಪಯೋಗವಿಲ್ಲ. "ಈ ತಾರೀಕಿನೊಳಗೆ ಕೆಎಲ್ 14ಕ್ಕೆ ಎನ್‌ಒಸಿ ಕೊಡಿ, ಇಲ್ಲವೇ ಕಾರು ವಾಪಸ್ ಪಡೆದು ಪೂರ್ತಿ ಹಣ ಕೊಡಿ" ಎಂದು ಬರೆಯಿರಿ.

ಅದಕ್ಕೂ ಮಣಿಯದಿದ್ದರೆ 1915ಕ್ಕೆ ಕರೆಮಾಡಿ, ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯಲ್ಲಿ ಕನ್ನಡ ನಡೆಯುತ್ತದೆ. ಆಮೇಲೆ ಸ್ಪೀಡ್ ಪೋಸ್ಟಿನಲ್ಲಿ ವಕೀಲರ ನೋಟಿಸ್, ಆಮೇಲೆ ಜಿಲ್ಲಾ ಗ್ರಾಹಕ ಆಯೋಗ. ಕಂಪನಿಯ ಕಚೇರಿ ಗುರುಗ್ರಾಮದಲ್ಲಿರಲಿ ಬೆಂಗಳೂರಲ್ಲಿರಲಿ, ನೀವು ವಾಸವಿರುವ ಜಿಲ್ಲೆಯಲ್ಲೇ ದೂರು ಹಾಕಬಹುದೆಂದು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಹೇಳುತ್ತದೆ. ಮಂಗಳೂರಿನಲ್ಲಿ ಕೊಂಡ ಕಾರಿಗೂ ಕಾಸರಗೋಡಿನಲ್ಲೇ ಸಾಕು. ಒಪ್ಪಂದದಲ್ಲಿ ಮಧ್ಯಸ್ಥಿಕೆಯ ಷರತ್ತು ಇದ್ದ ಮಾತ್ರಕ್ಕೆ ಗ್ರಾಹಕ ಆಯೋಗದ ಬಾಗಿಲು ಮುಚ್ಚುವುದಿಲ್ಲ. ಕಾರಿಗೆ ಕೊಟ್ಟ ಹಣ 5 ಲಕ್ಷದವರೆಗೆ ಇದ್ದರೆ ಶುಲ್ಕವಿಲ್ಲ, 10 ಲಕ್ಷದವರೆಗೆ 200 ರೂಪಾಯಿ, 20 ಲಕ್ಷದವರೆಗೆ 400. ತೊಂದರೆ ಹುಟ್ಟಿದ ದಿನದಿಂದ 2 ವರ್ಷದೊಳಗೆ ಹಾಕಬೇಕು. ಬಿಲ್ಲಿನಲ್ಲಿ ಹೆಸರಿರುವ ಸಂಸ್ಥೆ, ಆ್ಯಪ್ ಕಂಪನಿ, ಸಾಲ ಕೊಟ್ಟವರು ಮೂವರನ್ನೂ ಎದುರುದಾರರಾಗಿ ಸೇರಿಸಿ. ಒಬ್ಬರನ್ನು ಬಿಟ್ಟರೆ ಉಳಿದವರು ಅವರತ್ತ ಬೆರಳು ತೋರಿಸುತ್ತಾರೆ. ವಾಟ್ಸ್ಆ್ಯಪ್ ಮಾತುಕತೆ ಸಾಕ್ಷಿಯಾಗಬೇಕಾದರೆ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರ ಬೇಕು.

ಭಾಷಾ ಅಲ್ಪಸಂಖ್ಯಾತ ಪ್ರದೇಶವೆಂದು ಘೋಷಿತವಾದ ಕಡೆ ರಾಜ್ಯ ಸರಕಾರದ ಸ್ಥಳೀಯ ಕಚೇರಿಗಳಿಗೆ ಕನ್ನಡದಲ್ಲೇ ಬರೆದು ಕನ್ನಡದಲ್ಲೇ ಉತ್ತರ ಪಡೆಯುವ ಹಕ್ಕು 1969ರ ಕೇರಳದ ಅಧಿಕೃತ ಭಾಷಾ ಕಾಯ್ದೆಯಲ್ಲಿದೆ. ಆರ್‌ಟಿಒಗೂ ಪೊಲೀಸ್ ಠಾಣೆಗೂ ಹಾಗೆ ಬರೆಯಿರಿ. ಕಂಪನಿಗೆ ಹೋಗುವ ಪ್ರತಿ ಮಾತ್ರ ಇಂಗ್ಲಿಷಿನಲ್ಲಿರಲಿ, ಅಲ್ಲಿ ಓದುವವರಿಗೆ ಕನ್ನಡ ಬಾರದು.

ಈ ಕಂಪನಿಗಳಲ್ಲೇ ಕೆಲಸ ಮಾಡುವವರಿಗೆ

ಫೋನಿನಲ್ಲಿ ಬೈಸಿಕೊಳ್ಳುವವರಿಗೆ ಕಡತದ ಮೇಲೆ ಯಾವ ಅಧಿಕಾರವೂ ಇರುವುದಿಲ್ಲ. ಮಾರಾಟ ಮಾಡಿದವರಿಗೆ ಟಾರ್ಗೆಟ್, ಆರ್‌ಸಿ ವಿಭಾಗ ಬೇರೆ ಊರಲ್ಲಿ. ಆದ್ದರಿಂದ ಗ್ರಾಹಕರಿಗೆ ನೀವಾಗಿ ತಾರೀಕು ಕೊಡಬೇಡಿ. ಆರ್‌ಸಿ ವಿಭಾಗದಿಂದ ಇಮೇಲಿನಲ್ಲಿ ಬಂದ ತಾರೀಕನ್ನಷ್ಟೇ ಮುಂದಕ್ಕೆ ಕಳಿಸಿ. ಟೋಕನ್ ಹಣವನ್ನು ನಿಮ್ಮ ಸ್ವಂತ ಯುಪಿಐಗೆ ಹಾಕಿಸಿಕೊಳ್ಳಬೇಡಿ, ಮ್ಯಾನೇಜರ್ ಹೇಳಿದರೂ. ವಿಮೆ ಮುಗಿದ ಕಾರನ್ನು ಯಾರ್ಡಿನಿಂದ ಹೊರಗೆ ತೆಗೆಯಬೇಡಿ, ಸಿಕ್ಕಿಬಿದ್ದರೆ ಮೊದಲ ಸಲಕ್ಕೆ 2,000 ರೂಪಾಯಿ ದಂಡ ಅಥವಾ ಮೂರು ತಿಂಗಳವರೆಗಿನ ಸಜೆ, ಇಲ್ಲವೇ ಎರಡೂ. ಅದು ಓಡಿಸಿದವರ ಮೇಲೂ ಬೀಳುತ್ತದೆ.

ಸಂಬಳ ಕೊಡುವುದು ಯಾರು ಎಂಬುದನ್ನು ಪೇ ಸ್ಲಿಪ್ಪಿನಲ್ಲಿ ನೋಡಿ. ಅಂಗಿಯ ಮೇಲೆ ಒಂದು ಹೆಸರು, ಸ್ಲಿಪ್ಪಿನಲ್ಲಿ ಗುತ್ತಿಗೆ ಏಜೆನ್ಸಿಯ ಹೆಸರು ಇರುವುದುಂಟು. ಏಜೆನ್ಸಿ ಸಂಬಳ ಕೊಡದಿದ್ದರೆ ಮೂಲ ಕಂಪನಿ ಕೊಡಬೇಕೆಂಬುದು ಕಾನೂನು. ಇನ್ಸೆಂಟಿವ್ ಲೆಕ್ಕದ ಪುಟವನ್ನು ತಿಂಗಳಿಗೊಮ್ಮೆ ಪ್ರತಿ ತೆಗೆದಿಡಿ, ಕೆಲಸ ಬಿಟ್ಟ ಕ್ಷಣ ಲಾಗಿನ್ ಮುಚ್ಚಿಹೋಗುತ್ತದೆ. ಪಿಎಫ್ ಪ್ರತಿ ತಿಂಗಳ 15ರೊಳಗೆ ಜಮೆಯಾಗಬೇಕು, ಯುಎಎನ್ (ನಿಮ್ಮ ಪಿಎಫ್ ಸಂಖ್ಯೆ) ಪಾಸ್‌ಬುಕ್ ತೆರೆದು ನೋಡಿ. ಕೆಲಸ ಬಿಟ್ಟ ತಾರೀಕನ್ನು ಕಂಪನಿ ನಮೂದಿಸದಿದ್ದರೆ ಕೊನೆಯ ಜಮೆಯ ಎರಡು ತಿಂಗಳ ನಂತರ ನೀವೇ ನಮೂದಿಸಬಹುದು. 2025ರ ನವೆಂಬರ್ 21ರಿಂದ ಜಾರಿಗೆ ಬಂದ ವೇತನ ಸಂಹಿತೆಯ 17ನೇ ಕಲಮಿನಂತೆ ಕೆಲಸ ಬಿಟ್ಟವರಿಗೂ ತೆಗೆಯಲ್ಪಟ್ಟವರಿಗೂ ಎರಡು ಕೆಲಸದ ದಿನದೊಳಗೆ ಸಂಬಳದ ಬಾಕಿ ಕೊಡಬೇಕು. ಮನೆ ಉಪ್ಪಳದಲ್ಲಿದ್ದು ಕೆಲಸ ಮಂಗಳೂರಿನಲ್ಲಾದರೆ ಕಾರ್ಮಿಕ ಇಲಾಖೆಯ ದೂರು ಮಂಗಳೂರಿಗೆ. ಗ್ರಾಹಕ ಆಯೋಗದ ಲೆಕ್ಕ ಇಲ್ಲಿ ನಡೆಯದು.

ಕೆಲಸ ಹುಡುಕುವವರಿಗೆ

ಕಾರು ತಪಾಸಣೆ, ಟೆಲಿಕಾಲಿಂಗ್, ಡೆಲಿವರಿ ಕೆಲಸಗಳ ಹೆಸರಲ್ಲಿ ಬರುವ ವಾಟ್ಸ್ಆ್ಯಪ್, ಟೆಲಿಗ್ರಾಂ ಸಂದೇಶಗಳಲ್ಲಿ ನೋಂದಣಿ ಶುಲ್ಕ, ಯೂನಿಫಾರ್ಮ್ ಹಣ, ಲ್ಯಾಪ್‌ಟಾಪ್ ಡಿಪಾಸಿಟ್ ಎಂಬ ಮಾತು ಬಂದರೆ ಅಲ್ಲಿಗೇ ಬಿಡಿ. "ಸಂಬಳ ಖಾತೆ" ತೆರೆದು ಎಟಿಎಂ ಕಾರ್ಡನ್ನೂ ಸಿಮ್ಮನ್ನೂ ಕೊಡಿ ಎಂದರೆ ಅದು ಇನ್ನೂ ಅಪಾಯ. ಬೇರೆಯವರಿಂದ ಕದ್ದ ಹಣ ಆ ಖಾತೆಯಲ್ಲಿ ಹಾದುಹೋಗುತ್ತದೆ, ಪೊಲೀಸರು ಬರುವುದು ಖಾತೆಯ ಹೆಸರಿನವರ ಮನೆಗೆ. ಹಣ ಹೋಗಿದ್ದರೆ ಗಂಟೆಯೊಳಗೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆಮಾಡಿ.

ನಿಜವಾದ ಕಂಪನಿಯೇ ಆದರೂ ಆಫರ್ ಲೆಟರಿನಲ್ಲಿ ನಾಲ್ಕು ವಿಷಯ ಹುಡುಕಿ. ಕೈಗೆ ಸಿಗುವ ಖಚಿತ ಸಂಬಳ ಎಷ್ಟು, ಇನ್ಸೆಂಟಿವ್ ಯಾವ ಲೆಕ್ಕಕ್ಕೆ, ಗ್ರಾಹಕರ ಮನೆಗೆ ಹೋಗುವ ಪೆಟ್ರೋಲಿಗೆ ಕಿಲೋಮೀಟರಿಗೆ ಎಷ್ಟು, ನೋಟಿಸ್ ಅವಧಿ ಎಷ್ಟು. ಪೆಟ್ರೋಲಿನ ಮಾತನ್ನು ಹಲವರು ಕೇಳುವುದೇ ಇಲ್ಲ. ಕಂಪನಿಯ ಮಂಗಳೂರು ಕೇಂದ್ರದಿಂದ ಪುತ್ತೂರು, ಸುಳ್ಯ, ಕಾಸರಗೋಡು ಎಂದು ಸ್ವಂತ ಬೈಕಿನಲ್ಲಿ ಸುತ್ತುವ ಕೆಲಸದಲ್ಲಿ ಆ ಒಂದು ದರದ ಮೇಲೆ ಸಂಬಳದ ದೊಡ್ಡ ಪಾಲು ನಿಂತಿರುತ್ತದೆ. ದರ ಬರಹದಲ್ಲಿ ಇಲ್ಲದಿದ್ದರೆ ಎಚ್‌ಆರ್‌ಗೆ ಇಮೇಲ್ ಮಾಡಿ ಕೇಳಿ, ಉತ್ತರ ಬಂದ ಮೇಲೆಯೇ ಈಗಿನ ಕೆಲಸಕ್ಕೆ ರಾಜೀನಾಮೆ ಕೊಡಿ.